ಧಕ್ಕೆಗೆ ತೂಗುಬಿಟ್ಟ ಟೈರು

ಮಲ್ಪೆ ಬಂದರಿಗೋ ಮಂಗಳೂರಿನ ಹಳೆ ಧಕ್ಕೆಗೋ ಹೋದವರು ಈ ನೋಟ ಕಂಡಿರುತ್ತಾರೆ. ಮೀನುಗಾರಿಕೆ ಬೋಟುಗಳ ಮಗ್ಗುಲಿಗೆ ಹಳೆಯ ಲಾರಿ ಟೈರುಗಳು ಹಗ್ಗದಿಂದ ಜೋತುಬಿದ್ದಿರುತ್ತವೆ. ಬೋಟು ಬೋಟಿಗೆ ಒರಗಿದಾಗ, ಧಕ್ಕೆಗೆ ತಾಗಿದಾಗ ನಡುವೆ ಸಿಕ್ಕ ಟೈರು ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತದೆ. ಏಕೆ ಎಂದು ಯಾರನ್ನು ಕೇಳಿದರೂ ‘ಪೆಟ್ಟಾಗದಿರಲಿ ಅಂತ’ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಅದರ ಹಿಂದೆಯೇ ಇನ್ನೂ ಎರಡು ಪ್ರಶ್ನೆಗಳು ಏಳುತ್ತವೆ. ಬೋಟು ಬರುವುದು ಆಮೆಯ ವೇಗದಲ್ಲಿ; ಅಷ್ಟು ನಿಧಾನದ ತಾಗುವಿಕೆಗೆ ಇಷ್ಟೊಂದು ರಕ್ಷಣೆ ಯಾಕೆ? ಟೈರು ಅಷ್ಟು ಚೆನ್ನಾಗಿ ಕೆಲಸ ಮಾಡುವುದಾದರೆ, ಪಣಂಬೂರಿನಂಥ ದೊಡ್ಡ ಬಂದರಿಗೆ ಬರುವ ಹಡಗುಗಳಿಗೂ ಅದೇ ಸಾಲದೇಕೆ?

ಹಡಗಿಗೂ ಕಟ್ಟೆಗೂ ನಡುವೆ ನಿಂತು ಪೆಟ್ಟು ತಿನ್ನುವ ಈ ಸಾಧನಕ್ಕೆ ಬಂದರಿನವರು ಫೆಂಡರ್ ಎನ್ನುತ್ತಾರೆ. ಅದು ಮೆತ್ತಗಿದ್ದರೆ ಸಾಕು ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಮೆತ್ತಗಿರುವುದು ಅದರ ಗುಣಗಳಲ್ಲಿ ಒಂದು ಮಾತ್ರ, ಅದೂ ಮುಖ್ಯವಾದದ್ದಲ್ಲ.

ನಿಧಾನದ ಪೆಟ್ಟು

ಸರಕು ಸೇರಿ 50,000 ಟನ್ ತೂಗುವ ಹಡಗೊಂದು ಟಗ್‌ಗಳ, ಅಂದರೆ ದೊಡ್ಡ ಹಡಗನ್ನು ನೂಕುವ, ಎಳೆಯುವ ಸಣ್ಣ ಹಡಗುಗಳ, ನೆರವಿನಿಂದ ಕಟ್ಟೆಯತ್ತ ಸರಿಯುತ್ತಿದೆ ಎನ್ನಿ. ಅದರ ವೇಗ ಸೆಕೆಂಡಿಗೆ 15 ಸೆಂಟಿಮೀಟರ್. ನಾವು ಆರಾಮಾಗಿ ನಡೆಯುವ ವೇಗದ ಹತ್ತನೇ ಒಂದು ಪಾಲು. ದಡದಲ್ಲಿ ನಿಂತು ನೋಡುವವರಿಗೆ ಹಡಗು ಚಲಿಸುತ್ತಿದೆಯೋ ಇಲ್ಲವೋ ಎಂಬ ಅನುಮಾನವೇ ಬರಬಹುದು. ಆದರೂ ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ಸುಮಾರು 560 ಕಿಲೋಜೂಲ್. 57 ಟನ್ ಭಾರವನ್ನು ನೆಲದಿಂದ ಒಂದು ಮೀಟರ್ ಮೇಲೆತ್ತಲು ಬೇಕಾಗುವಷ್ಟು.

ಇದರ ಜತೆಗೆ ಕಣ್ಣಿಗೆ ಕಾಣದ ಇನ್ನೊಂದು ಹೊರೆಯಿದೆ. ಅಡ್ಡಡ್ಡ ಸರಿಯುವ ಹಡಗು ತನ್ನ ಸುತ್ತಲಿನ ನೀರನ್ನೂ ಎಳೆದುಕೊಂಡು ಬರುತ್ತದೆ. ಹಡಗು ನಿಂತರೂ ಆ ನೀರು ತಕ್ಷಣ ನಿಲ್ಲುವುದಿಲ್ಲ, ಹಿಂದಿನಿಂದ ನೂಕುತ್ತದೆ. ಇದನ್ನು ‘ಜತೆನೀರು’ ಎಂದು ಕರೆಯೋಣ. ಹಡಗು ಎಷ್ಟು ಆಳ ಮುಳುಗಿದೆ, ಎಷ್ಟು ಅಗಲವಿದೆ ಎಂಬುದನ್ನು ಅವಲಂಬಿಸಿ ಜತೆನೀರು ಹಡಗಿನ ತೂಕದ ಅರ್ಧಕ್ಕಿಂತಲೂ ಹೆಚ್ಚಾಗಬಹುದು. ನಮ್ಮ ಅದೃಷ್ಟಕ್ಕೆ ಹಡಗು ಸಾಮಾನ್ಯವಾಗಿ ಒಂದು ಮಗ್ಗುಲ ತುದಿಯ ಕಡೆಯಿಂದ ಓರೆಯಾಗಿ ತಾಗುತ್ತದೆ. ತಾಗಿದೊಡನೆ ಮೆಲ್ಲಗೆ ತಿರುಗಿ ಶಕ್ತಿಯ ಒಂದು ದೊಡ್ಡ ಪಾಲನ್ನು ಆ ತಿರುಗುವಿಕೆಯಲ್ಲೇ ಉಳಿಸಿಕೊಳ್ಳುತ್ತದೆ. ಅನೇಕ ಸಂದರ್ಭಗಳಲ್ಲಿ ಈ ಎರಡೂ ಒಂದನ್ನೊಂದು ಹೆಚ್ಚುಕಡಿಮೆ ಸರಿದೂಗಿಸುತ್ತವೆ.

ಇಲ್ಲಿ ನೆನಪಿಡಬೇಕಾದ್ದು ವೇಗದ ಪಾತ್ರ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಸೆಕೆಂಡಿಗೆ 15 ಸೆಂಟಿಮೀಟರಿನ ಬದಲು 30 ಸೆಂಟಿಮೀಟರಿನಲ್ಲಿ ಬಂದ ಹಡಗು ನೋಡುವವರಿಗೆ ಆಗಲೂ ನಿಧಾನವೇ, ಫೆಂಡರಿಗೆ ಮಾತ್ರ ನಾಲ್ಕು ಹಡಗುಗಳ ಪೆಟ್ಟು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ‘ಡಾಲಿ’ ಎಂಬ ಹಡಗು ಸೇತುವೆಯ ಕಂಬಕ್ಕೆ ಬಡಿದು ಇಡೀ ಸೇತುವೆ ಉರುಳಿದ್ದನ್ನು ನಾವೆಲ್ಲ ಪರದೆಯ ಮೇಲೆ ನೋಡಿದ್ದೇವೆ. ಆ ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರಿದ್ದರು. ಆಗಿನ ವೇಗ ಆರೂವರೆ ನಾಟ್ ಆಸುಪಾಸು, ಅಂದರೆ ಸೆಕೆಂಡಿಗೆ ಮೂರು ಮೀಟರಿಗೂ ಮಿಕ್ಕಿ. ಅದೇ ತೂಕದ ಹಡಗು ಕಟ್ಟೆಗೆ ತಾಗುವಾಗಿನ ಶಕ್ತಿಯ ಸುಮಾರು 500 ಪಟ್ಟು. ಕಟ್ಟೆಯ ಫೆಂಡರನ್ನು ಅಂಥ ಅಪಘಾತಕ್ಕೆಂದು ಮಾಡಿರುವುದಿಲ್ಲ.

ನಿಲ್ಲಲು ಜಾಗ

ಈ 560 ಕಿಲೋಜೂಲ್ ಎಲ್ಲಿಗಾದರೂ ಹೋಗಲೇಬೇಕು. ಕಾಂಕ್ರೀಟು ಗೋಡೆ ಒಂದಿಷ್ಟೂ ಬಗ್ಗುವುದಿಲ್ಲ. ಹಡಗಿನ ಉಕ್ಕಿನ ತಗಡು ಒಂದು ಸೆಂಟಿಮೀಟರ್ ತಗ್ಗಾಗುವಷ್ಟರಲ್ಲಿ ಹಡಗು ನಿಲ್ಲಬೇಕಾದರೆ ಅಲ್ಲಿ ಬೀಳುವ ಸರಾಸರಿ ಒತ್ತು 5,700 ಟನ್. ಅದೇ ಹಡಗಿಗೆ ನಿಲ್ಲಲು 50 ಸೆಂಟಿಮೀಟರ್ ದೂರ ಕೊಟ್ಟರೆ ಸರಾಸರಿ ಒತ್ತು 115 ಟನ್ನಿಗೆ ಇಳಿಯುತ್ತದೆ. ಶಕ್ತಿ ಅಷ್ಟೇ ಇದೆ, ಅದು ಕರಗಲು ಸಿಕ್ಕ ದೂರ ಐವತ್ತು ಪಟ್ಟು ಹೆಚ್ಚಾಯಿತು. ಫೆಂಡರು ಕೊಡುವುದು ಈ ದೂರವನ್ನು.

115 ಟನ್ ಕೂಡ ಕಡಿಮೆಯೇನಲ್ಲ. ದೊಡ್ಡ ಹಡಗುಗಳ ಮಗ್ಗುಲು ಹೊರಗಿನಿಂದ ಬೆಟ್ಟದ ಹಾಗೆ ಕಂಡರೂ ಒಳಗಿರುವುದು ಪಕ್ಕೆಲುಬುಗಳ ಮೇಲೆ ಹೊದಿಸಿದ ತಗಡು. ಅಡುಗೆ ಅನಿಲ ಹೊರುವ ಹಡಗಾಗಲಿ, ಕಲ್ಲಿದ್ದಲು ಅದಿರು ಹೊರುವ ಹಡಗಾಗಲಿ, ಚದರ ಮೀಟರಿಗೆ 20 ಟನ್ನಿಗಿಂತ ಹೆಚ್ಚು ಒತ್ತು ಹಾಕಬಾರದೆಂದು ವಿನ್ಯಾಸಕಾರರು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ 115 ಟನ್ನನ್ನು ಕನಿಷ್ಠ ಆರು ಚದರ ಮೀಟರ್ ಜಾಗದ ಮೇಲೆ ಹರಡಬೇಕು. ದೊಡ್ಡ ಬಂದರುಗಳಲ್ಲಿ ರಬ್ಬರಿನ ಮುಂದೆ ಬಾಗಿಲಿನಂತೆ ನಿಲ್ಲಿಸಿರುವ ಉಕ್ಕಿನ ಫಲಕದ ಕೆಲಸ ಇದೇ.

ರಬ್ಬರು ಬರುವ ಮುಂಚೆ ಹಗ್ಗದ ಕಂತೆ, ತೆಂಗಿನ ನಾರಿನ ಮೂಟೆ, ಮರದ ದಿಮ್ಮಿಗಳು ಈ ದೂರವನ್ನು ಕೊಡುತ್ತಿದ್ದವು. ನಡುಗಡಲಿನಲ್ಲಿ ತಾಯಿಹಡಗಿಗೆ ಒತ್ತಿ ನಿಲ್ಲಬೇಕಾದ ತಿಮಿಂಗಿಲ ಬೇಟೆಯ ಹಡಗುಗಳು ಸತ್ತ ತಿಮಿಂಗಿಲವನ್ನೇ ನಡುವೆ ತೇಲಿಬಿಡುತ್ತಿದ್ದವು. ಅದಕ್ಕೆ ಬದಲಿಯಾಗಿ 1958ರಲ್ಲಿ ಜಪಾನಿನ ಯೊಕೊಹಾಮಾ ಕಂಪನಿ ಗಾಳಿ ತುಂಬಿದ ದೈತ್ಯ ರಬ್ಬರು ಚೀಲವನ್ನು ತಯಾರಿಸಿತು. ಸಮುದ್ರದ ನಡುವೆ ಒಂದು ಹಡಗಿನಿಂದ ಇನ್ನೊಂದಕ್ಕೆ ಕಚ್ಚಾ ತೈಲ ದಾಟಿಸುವಾಗ ಇಂದಿಗೂ ಅಂಥ ಚೀಲಗಳೇ ನಡುವೆ ತೇಲುತ್ತವೆ.

ಬಳುಕುವ ರಬ್ಬರು

ಈಗ ವಿಷಯದ ತಿರುಳಿಗೆ ಬರೋಣ. 50 ಸೆಂಟಿಮೀಟರಿನಲ್ಲಿ ಸರಾಸರಿ 115 ಟನ್ ಎಂದೆವಲ್ಲ, ಸರಾಸರಿ ಎಂಬ ಮಾತಿನಲ್ಲಿ ಒಂದು ಅಪಾಯ ಅಡಗಿದೆ. ಗಟ್ಟಿ ರಬ್ಬರಿನ ಉಂಡೆಯನ್ನು ಒತ್ತುತ್ತ ಹೋದರೆ ಅದು ಮೊದಲು ಸುಲಭವಾಗಿ ಕುಗ್ಗುತ್ತದೆ, ಆಮೇಲಾಮೇಲೆ ಬಿಗಿಯಾಗುತ್ತದೆ. ಒತ್ತು ಸೊನ್ನೆಯಿಂದ ಏಕಪ್ರಕಾರ ಏರುತ್ತ ಹೋದರೆ ಕೊನೆಯ ಕ್ಷಣದಲ್ಲಿ ಅದು ಸರಾಸರಿಯ ಇಮ್ಮಡಿ, ಅಂದರೆ 230 ಟನ್ ಆಗಿರುತ್ತದೆ. ಹಡಗಿನ ತಗಡನ್ನು ಒಳಕ್ಕೆ ತಗ್ಗಿಸುವುದು ಈ ಕೊನೆಯ ಕ್ಷಣ. ಇನ್ನೂ ಮೆತ್ತನೆಯ ರಬ್ಬರು ಹಾಕಿದರೆ ಮೊದಲರ್ಧ ಏನೂ ಕೆಲಸ ಮಾಡದೆ ದೂರ ಮುಗಿದುಹೋಗಿ ಕೊನೆಯ ಒತ್ತು ಮತ್ತೂ ಜಾಸ್ತಿಯಾಗುತ್ತದೆ.

ನಮಗೆ ಬೇಕಾದ್ದು ಮೊದಲ ಕ್ಷಣದಿಂದಲೇ ಒಂದು ಮಟ್ಟದ ಒತ್ತು ಕೊಟ್ಟು, ಕೊನೆಯವರೆಗೂ ಅದೇ ಮಟ್ಟದಲ್ಲಿ ನಿಲ್ಲುವ ವಸ್ತು. ಮನೆಯಲ್ಲಿರುವ ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಕೆಳಕ್ಕೆ ಒತ್ತಿ ನೋಡಿ. ಮೊದಲು ಅದು ಜಗ್ಗುವುದೇ ಇಲ್ಲ. ಒತ್ತು ಒಂದು ಮಿತಿ ಮುಟ್ಟಿದೊಡನೆ ಫಕ್ಕನೆ ಬಿಲ್ಲಿನಂತೆ ಬಾಗುತ್ತದೆ. ಅಲ್ಲಿಂದ ಮುಂದೆ ಅಂಗೈ ಎಷ್ಟು ಕೆಳಗೆ ಇಳಿದರೂ ಕೈಗೆ ತಾಗುವ ಒತ್ತು ಹೆಚ್ಚುಕಡಿಮೆ ಮೊದಲಿನಷ್ಟೇ. ಇದನ್ನು ‘ಬಳುಕು’ ಎನ್ನೋಣ. ಎಂಜಿನಿಯರರು ಬಕ್ಲಿಂಗ್ ಎನ್ನುತ್ತಾರೆ. ಕಂಬಗಳಲ್ಲಿ ಆಗಬಾರದೆಂದು ಕಟ್ಟಡದವರು ಹೆದರುವ ಈ ವಿದ್ಯಮಾನವನ್ನು ಫೆಂಡರು ಮಾಡುವವರು ಬೇಕೆಂದೇ ಕರೆತಂದಿದ್ದಾರೆ.

ಶಂಕುವಿನಾಕಾರದ ಫೆಂಡರಿನ, ಅಂದರೆ ಕೋನ್ ಫೆಂಡರಿನ, ದಪ್ಪ ರಬ್ಬರು ಗೋಡೆ ಓರೆಯಾಗಿ ನಿಂತಿರುತ್ತದೆ. ಹಡಗು ಫಲಕವನ್ನು ಒತ್ತಿದಾಗ ಗೋಡೆ ಮೊದಲು ಸೆಟೆದು ನಿಲ್ಲುತ್ತದೆ. ಒತ್ತು ಬೇಗ ಏರಿ ನಿಗದಿತ ಮಟ್ಟ ಮುಟ್ಟಿದ ಕೂಡಲೇ ಗೋಡೆ ಬಳುಕಿ ಮಡಚಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಹಡಗು ಮುಂದೆ ಸರಿಯುತ್ತಿದ್ದರೂ ಮರುಒತ್ತು ಏರುವುದಿಲ್ಲ, ನಡುವೆ ಕೊಂಚ ಇಳಿಯುವುದೂ ಉಂಟು. ತನ್ನ ಎತ್ತರದ ಸುಮಾರು ಶೇಕಡಾ 70ರಷ್ಟು ಕುಗ್ಗುವವರೆಗೂ ಕೋನ್ ಫೆಂಡರು ಹೀಗೆ ಶಕ್ತಿ ನುಂಗುತ್ತ ಹೋಗುತ್ತದೆ. ಅದನ್ನು ದಾಟಿದರೆ ಮಡಿಕೆಗಳು ಒಂದಕ್ಕೊಂದು ತಾಗಿ, ಬಳುಕಲು ಜಾಗ ಉಳಿಯದೆ ಒತ್ತು ನೆಟ್ಟಗೆ ಮೇಲೇರುತ್ತದೆ. ನಮ್ಮ ಲೆಕ್ಕದ ಹಡಗಿಗೆ ಒತ್ತು 115ಕ್ಕೇ ಸರಿಯಾಗಿ ನಿಲ್ಲದಿದ್ದರೂ 230ರಿಂದ ಬಹಳ ಕೆಳಗೆ ಇರುತ್ತದೆ.

ಉಕ್ಕಿನ ಸ್ಪ್ರಿಂಗಿನಲ್ಲೂ ಬಳುಕು ತರಬಹುದು. ರಬ್ಬರನ್ನು ಆರಿಸಲು ಇನ್ನೊಂದು ಕಾರಣವಿದೆ. ರಬ್ಬರಿನ ಉದ್ದುದ್ದ ಅಣುಸರಗಳು ಒಂದರ ಮೇಲೊಂದು ಉಜ್ಜಿಕೊಂಡು, ಬಂದ ಶಕ್ತಿಯಲ್ಲಿ ಒಂದು ಪಾಲನ್ನು ಶಾಖವಾಗಿ ಬಿಡುತ್ತವೆ. ಆ ಪಾಲು ಹಡಗಿಗೆ ಮರಳುವುದಿಲ್ಲ. ಎಲ್ಲವೂ ಮರಳುವಂತಿದ್ದರೆ ಕಟ್ಟೆಗೆ ಬಂದ ಹಡಗು ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತಿತ್ತು.

ಟೈರು ಎಲ್ಲಿಯವರೆಗೆ

ಟೈರನ್ನು ಕೀಳೆಂದು ನೋಡಬೇಕಾಗಿಲ್ಲ. 100 ಟನ್ ತೂಗುವ ಬೋಟು ಸೆಕೆಂಡಿಗೆ 30 ಸೆಂಟಿಮೀಟರಿನಲ್ಲಿ ತಾಗಿದರೆ ಶಕ್ತಿ ನಾಲ್ಕೂವರೆ ಕಿಲೋಜೂಲ್ ಮಾತ್ರ. ಸಾಲಾಗಿ ಕಟ್ಟಿದ ಲಾರಿ ಟೈರುಗಳು ಇದನ್ನು ಹಂಚಿಕೊಂಡು ತಡೆಯುತ್ತವೆ. ನಮ್ಮ ಮೀನುಗಾರರು ಖರ್ಚಿಲ್ಲದೆ ಕಂಡುಕೊಂಡ ಈ ದಾರಿ ಆ ಗಾತ್ರಕ್ಕೆ ನ್ಯಾಯವಾದದ್ದೇ. ಟೈರಿನ ಮಿತಿ ಅದು ಅಪ್ಪಚ್ಚಿಯಾದ ಮೇಲೆ ಗೊತ್ತಾಗುತ್ತದೆ. ಎರಡೂ ಗೋಡೆಗಳು ಕೂಡಿಕೊಂಡ ನಂತರ ಉಳಿಯುವುದು ಕೆಲವೇ ಸೆಂಟಿಮೀಟರ್ ರಬ್ಬರು. ಸವೆದ ರೇಡಿಯಲ್ ಟೈರಿನ ಒಳಗಿನ ಉಕ್ಕಿನ ತಂತಿ ಹೊರಬಂದರೆ ಅದೇ ಗರಗಸವಾಗಿ ಪಕ್ಕದ ಬೋಟಿನ ಮೈ ಕೆರೆಯುತ್ತದೆ. ಅಂಥ ಟೈರನ್ನು ಕೂಡಲೇ ತೆಗೆದುಬಿಡಬೇಕು. ಇನ್ನೊಂದು ಮಾತು: ತೂಗುಹಾಕುವ ಮುಂಚೆ ಪ್ರತಿ ಟೈರಿನ ಕೆಳತುದಿಗೆ ತೂತು ಕೊರೆಯಿರಿ. ಒಳಗೆ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ.

ಆರಿಸುವವರ ಲೆಕ್ಕ

ಫೆಂಡರು ಕೊಳ್ಳುವವರು ‘ಇದು ಎಷ್ಟು ಶಕ್ತಿ ನುಂಗುತ್ತದೆ’ ಎಂಬುದೊಂದನ್ನೇ ಕೇಳಿ ಬೆಲೆಗೆ ಇಳಿಯುವುದುಂಟು. ಅರ್ಧ ಪ್ರಶ್ನೆ ಅದು. ‘ಅಷ್ಟು ನುಂಗುವಾಗ ಎಷ್ಟು ಮರುಒತ್ತು ಕೊಡುತ್ತದೆ’ ಎಂಬುದು ಉಳಿದರ್ಧ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದೆ ಫೆಂಡರು ಆರಿಸಬಾರದು. ತಯಾರಿಕೆಯಲ್ಲಿ ಶೇಕಡಾ ಹತ್ತರಷ್ಟು ಆಚೀಚೆ ಆಗುವುದನ್ನು ಉದ್ಯಮವೇ ಒಪ್ಪಿಕೊಂಡಿದೆ. ಆದ್ದರಿಂದ ಶಕ್ತಿಯಲ್ಲಿ ಶೇಕಡಾ ಹತ್ತು ಕಳೆದು, ಒತ್ತಿಗೆ ಶೇಕಡಾ ಹತ್ತು ಕೂಡಿಸಿ ಲೆಕ್ಕ ಹಾಕುವುದು ಕ್ಷೇಮ.

ಗಾಳಿ ಎದ್ದ ದಿನ, ಟಗ್‌ನ ಎಂಜಿನ್ ಕೈಕೊಟ್ಟ ದಿನ ಹಡಗು ಮಾಮೂಲಿಗಿಂತ ಬಿರುಸಾಗಿ ಬರುತ್ತದೆ. ಅದಕ್ಕೆಂದು ಮಾಮೂಲಿ ಶಕ್ತಿಯನ್ನು ಒಂದೂಕಾಲಿನಿಂದ ಎರಡು ಪಟ್ಟಿನವರೆಗೆ ಹೆಚ್ಚಿಸಿ ಹಿಡಿಯಬೇಕೆಂದು ಪಿಯಾಂಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2002ರ ಮಾರ್ಗಸೂಚಿಯಲ್ಲಿ ಹೇಳಿತು. 1885ರಲ್ಲಿ ಹುಟ್ಟಿದ ಈ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ತಂದಿದೆ. ನಮ್ಮ ದೇಶದ ಲೆಕ್ಕಕ್ಕೆ ಐಎಸ್ 4651 ಎಂಬ ಭಾರತೀಯ ಮಾನಕದ ಮೂರನೇ ಭಾಗ ಆಧಾರ.

ಜಾಗದ ಗುಣವನ್ನೂ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಎರಡು ಮೀಟರಿಗಿಂತ ಕಡಿಮೆ. ಗುಜರಾತಿನ ಭಾವನಗರದಲ್ಲಿ ಅದು ಹತ್ತು ಮೀಟರ್ ಮುಟ್ಟುತ್ತದೆ. ಅಲ್ಲಿ ಬೆಳಿಗ್ಗೆ ಫಲಕಕ್ಕೆ ಸರಿಯಾಗಿ ಒರಗಿದ್ದ ಸಣ್ಣ ಬಾರ್ಜು ಮಧ್ಯಾಹ್ನಕ್ಕೆ ಅದರ ಅಡಿಗೇ ಸಿಕ್ಕಿಕೊಳ್ಳಬಹುದು, ಹಾಗಾಗಿ ಫೆಂಡರನ್ನು ಮೇಲಿಂದ ಕೆಳಗಿನವರೆಗೂ ಇಳಿಬಿಡಬೇಕಾಗುತ್ತದೆ. ಬರುವ ಅತಿ ದೊಡ್ಡ ಹಡಗಿನಷ್ಟೇ ಅತಿ ಸಣ್ಣದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ಇದಕ್ಕೇ. ಬಿಸಿಲಿನ ಮಾತೂ ಇದೆ. ಕಾರ್ಖಾನೆಯಲ್ಲಿ ಫೆಂಡರಿನ ಪರೀಕ್ಷೆಯ ಮಾಪನ 23 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಬಿಸಿಲಿನಲ್ಲಿ ರಬ್ಬರು ಮೆದುವಾಗಿ ಅದೇ ಕುಗ್ಗುವಿಕೆಗೆ ಕಡಿಮೆ ಶಕ್ತಿ ನುಂಗುತ್ತದೆ. ಚಳಿನಾಡಿನ ಬಂದರಿನಲ್ಲಿ ಗಡಸಾಗಿ ಹೆಚ್ಚು ಮರುಒತ್ತು ಕೊಡುತ್ತದೆ.

ಟಗ್‌ನ ಮೂತಿ

ಕಟ್ಟೆಯ ಫೆಂಡರಿಗೆ ಪೆಟ್ಟು ಬೀಳುವುದು ಹಡಗು ಬಂದಾಗ. ಟಗ್‌ನ ಫೆಂಡರಿಗೆ ಇಡೀ ಹೊತ್ತು ಕೆಲಸ. ಹಡಗಿನ ಮೈಗೆ ಮೂತಿ ಒತ್ತಿ 60 ಟನ್ ಬಲದಿಂದ ನೂಕುವ ಟಗ್‌ಗಳು ಈಗ ಸಾಮಾನ್ಯ. ಚದರ ಮೀಟರಿಗೆ 20 ಟನ್ ಎಂಬ ಕಟ್ಟಳೆ ಇಲ್ಲಿಯೂ ಬಿಡುವುದಿಲ್ಲ, ಹಾಗಾಗಿ ಮೂತಿ ಕನಿಷ್ಠ ಮೂರು ಚದರ ಮೀಟರಿನಷ್ಟಾದರೂ ಅಂಟಿ ಕೂರಬೇಕು. ಟಗ್‌ನ ಮುಂಭಾಗಕ್ಕೆ ದಪ್ಪನೆಯ ರಬ್ಬರು ಉರುಳೆಯನ್ನು ಬಳಸಿ ಕಟ್ಟಿರುವುದು, ಅದರ ಕೆಳಗೆ ತೋಡುಗಳ ಸಾಲಿರುವ ಡಬ್ಲ್ಯು ಆಕಾರದ ತುಂಡುಗಳನ್ನು ಜೋಡಿಸಿರುವುದು ಇದಕ್ಕಾಗಿ. ಹಡಗಿನವರೂ ತಮ್ಮ ಪಾಲಿನ ನೆರವು ಕೊಟ್ಟಿರುತ್ತಾರೆ. ದೊಡ್ಡ ಹಡಗಿನ ಮಗ್ಗುಲಲ್ಲಿ ಬಾಣದ ಗುರುತಿನೊಡನೆ ‘ಟಗ್’ ಎಂದು ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೀವು ನೋಡಿರಬಹುದು. ಒಳಗಿನ ಪಕ್ಕೆಲುಬುಗಳು ಬಲವಾಗಿರುವ ಜಾಗ ಅದು, ಅಲ್ಲೇ ನೂಕಿ ಎಂಬ ಸೂಚನೆ.

ಕಟ್ಟೆಗೂ ಟಗ್‌ಗೂ ಇರುವ ಅತಿ ದೊಡ್ಡ ವ್ಯತ್ಯಾಸ ಉಜ್ಜಾಟದಲ್ಲಿದೆ. ಕಟ್ಟೆಗೆ ತಾಗಿದ ಹಡಗು ಅಲೆಗೆ ಏರಿಳಿಯುವಾಗ ಜಾರಬೇಕು, ಇಲ್ಲವಾದರೆ ಅದು ರಬ್ಬರನ್ನು ಮೇಲೆ ಕೆಳಗೆ ಎಳೆದು ಹರಿಯುತ್ತದೆ. ಅದಕ್ಕೇ ಫಲಕದ ಮುಖಕ್ಕೆ ನುಣುಪಾದ ಗಟ್ಟಿ ಪಾಲಿಥೀನ್ ಹಲಗೆ ಜಡಿಯುತ್ತಾರೆ. ಟಗ್‌ನ ಮೂತಿ ಜಾರಿದರೆ ಗತಿಯೇನು? ಅರವತ್ತು ಟನ್ ಬಲ ತಪ್ಪು ದಿಕ್ಕಿಗೆ ಹೋಗಿ ಪಕ್ಕದವರ ಜೀವಕ್ಕೇ ಕುತ್ತು. ಅಲ್ಲಿ ಹಿಡಿತ ಬೇಕು, ಬರಿಯ ರಬ್ಬರೇ ತಾಗಬೇಕು, ನೀರು ಹೊರಹೋಗಲು ತೋಡುಗಳಿರಬೇಕು. ಹಿಡಿತಕ್ಕೆ ತೆರುವ ಬೆಲೆ ಸವೆತ. ಆದ್ದರಿಂದ ಕಟ್ಟೆಗೆ ಒಳ್ಳೆಯದೆನಿಸಿದ ಫೆಂಡರನ್ನು ಹಾಗೆಯೇ ಟಗ್‌ಗೆ ಕಟ್ಟುವುದು ತಪ್ಪು. ಟಗ್‌ಗೆ ಮೊದಲು ನೋಡಬೇಕಾದದ್ದು ಹರಿಯದ, ಸವೆಯದ ರಬ್ಬರು.

ರಬ್ಬರಿನ ಒಳಗೆ

ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಇಳಿಸುವ ರಬ್ಬರು ಹಾಲು ಹಾಗೆಯೇ ಫೆಂಡರಾಗುವುದಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ ಗಂಧಕ ಬೆರೆಸಿ ಕಾಯಿಸಿದಾಗ ಅಣುಸರಗಳ ನಡುವೆ ಕೊಂಡಿಗಳು ಬೀಳುತ್ತವೆ, ರಬ್ಬರು ಒತ್ತಿದರೂ ಆಕಾರಕ್ಕೆ ಮರಳುತ್ತದೆ. ಕಪ್ಪು ಬಣ್ಣ ಬರುವುದು ಇಂಗಾಲದ ಮಸಿಯಿಂದ. ಅದು ರಬ್ಬರಿಗೆ ಬಲ ಕೊಡುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನದನ್ನು ಕಾಯುತ್ತದೆ.

ನೈಸರ್ಗಿಕ ರಬ್ಬರಿನ ದೊಡ್ಡ ವೈರಿ ಗಾಳಿಯಲ್ಲಿರುವ ಓಝೋನ್. ಎಳೆತಕ್ಕೆ ಸಿಕ್ಕ ಮೇಲ್ಮೈಯ ಅಣುಸರಗಳನ್ನು ಅದು ಕತ್ತರಿಸುತ್ತದೆ, ಎಳೆದ ದಿಕ್ಕಿಗೆ ಅಡ್ಡವಾಗಿ ಸಣ್ಣ ಬಿರುಕುಗಳು ಏಳುತ್ತವೆ. ಇದನ್ನು ತಡೆಯಲು ರಬ್ಬರಿಗೆ ಮೇಣ ಬೆರೆಸಿರುತ್ತಾರೆ. ಅದು ನಿಧಾನವಾಗಿ ಹೊರಗೆ ಜಿನುಗಿ ಬೂದುಬಣ್ಣದ ತೆಳ್ಳನೆಯ ಪೊರೆಯಾಗುತ್ತದೆ. ಹೊಸ ಫೆಂಡರಿನ ಮೇಲೆ ಈ ಪೊರೆ ಕಂಡರೆ ಕೊಳೆಯೆಂದು ಸೀಮೆಎಣ್ಣೆ ಹಾಕಿ ಉಜ್ಜಬೇಡಿ. ಪೊರೆಯೂ ಹೋಗುತ್ತದೆ, ಎಣ್ಣೆ ಹೀರಿ ರಬ್ಬರೂ ಉಬ್ಬುತ್ತದೆ. ಇಪಿಡಿಎಂ ಎಂಬ ಕೃತಕ ರಬ್ಬರು ಓಝೋನನ್ನೂ ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ, ಆದರೆ ಹರಿಯುವಿಕೆ ತಡೆಯುವುದರಲ್ಲಿ ನೈಸರ್ಗಿಕ ರಬ್ಬರಿಗೆ ಸಮನಲ್ಲ. ಡೀಸೆಲು ಸುರಿಯುವ ಜಾಗದಲ್ಲಿ ಇವೆರಡೂ ಉಬ್ಬುತ್ತವೆ; ಅಲ್ಲಿಗೆ ನೈಟ್ರೈಲ್ ಅಥವಾ ನಿಯೋಪ್ರೀನ್ ಸರಿ.

ಅಗ್ಗದ ಫೆಂಡರಿನಲ್ಲಿ ಮಸಿಯ ಬದಲು ಸೀಮೆಸುಣ್ಣದ ಪುಡಿ, ಹಳೆ ರಬ್ಬರಿನ ಪುಡಿ ತುಂಬುವುದು ನಡೆಯುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಅದೂ ಕಪ್ಪಗೇ ಇರುತ್ತದೆ. ಸುಣ್ಣದ ಪುಡಿ ಅದೇ ಗಾತ್ರದ ನೀರಿಗಿಂತ 2.7 ಪಟ್ಟು ಭಾರ, ಮಸಿ 1.8 ಪಟ್ಟು. ಆದ್ದರಿಂದ ಒಂದು ಸಣ್ಣ ತುಂಡನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ ಸಾಂದ್ರತೆ ತೆಗೆದರೆ ಅನುಮಾನಕ್ಕೆ ಆಧಾರ ಸಿಗುತ್ತದೆ. ಸಾಂದ್ರತೆ 1.2 ದಾಟಿದ್ದರೆ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಇಷ್ಟು ಸುಲಭದ ಪರೀಕ್ಷೆಯನ್ನು ಖರೀದಿಯ ಷರತ್ತಿನಲ್ಲಿ ಸೇರಿಸದಿರುವುದು ಕ್ಷಮಿಸಬಹುದಾದ ಉದಾಸೀನವಲ್ಲ.

ಮೊದಲು ಸೋಲುವುದು ಕಬ್ಬಿಣ

ಒಳ್ಳೆಯ ರಬ್ಬರು ಹತ್ತಾರು ವರ್ಷ ಬಾಳುತ್ತದೆ. ಅದಕ್ಕಿಂತ ಬೇಗ ಸೋಲುವುದು ಅದನ್ನು ಹಿಡಿದಿರುವ ಬೋಲ್ಟು ಮತ್ತು ಸರಪಳಿ. ಫಲಕದ ಸರಪಳಿಗಳಿಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು ಫಲಕದ ತೂಕ ಹೊರುತ್ತದೆ, ಒಂದು ಅದು ಅಕ್ಕಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ, ಇನ್ನೊಂದು ಕೆಳಗೆ ಪೆಟ್ಟು ಬಿದ್ದಾಗ ಮೇಲ್ತುದಿ ಹೊರಕ್ಕೆ ವಾಲದಂತೆ ಹಿಡಿಯುತ್ತದೆ. ಯಾವುದಾದರೂ ಒಂದು ಹರಿದರೆ ಅದರ ಕೆಲಸ ರಬ್ಬರಿನ ಮೇಲೆ ಬೀಳುತ್ತದೆ. ರಬ್ಬರನ್ನು ಮಾಡಿರುವುದು ಒತ್ತಿಸಿಕೊಳ್ಳಲು, ನೇತಾಡಲು ಅಲ್ಲ. ಕೆಲವೇ ತಿಂಗಳಲ್ಲಿ ಅದು ಬುಡದಲ್ಲಿ ಹರಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಫೆಂಡರು ಒಂದು ತುಕ್ಕು ಹಿಡಿದ ಕೊಂಡಿಯ ದೆಸೆಯಿಂದ ಹಾಳಾಗುವುದು ನೋಡಲು ಬೇಸರದ ಸಂಗತಿ.

ಹಾಗಾಗಿ ನೋಡಬೇಕಾದದ್ದು ಮೊದಲು ಕೊಂಡಿಗೆ ಕೊಂಡಿ ತಿಕ್ಕುವ ಜಾಗ. ಆಮೇಲೆ ಸಡಿಲಾದ ನಟ್ಟು. ಆಮೇಲೆ ಪಾಲಿಥೀನ್ ಹಲಗೆಯಲ್ಲಿ ಹುದುಗಿಸಿದ ಬೋಲ್ಟಿನ ತಲೆ. ಹಲಗೆ ಸವೆದು ಆ ತಲೆ ಮುಖಕ್ಕೆ ಬರುವ ಮೊದಲೇ ಹಲಗೆ ಬದಲಿಸಬೇಕು, ಇಲ್ಲವಾದರೆ ಬರುವ ಪ್ರತಿ ಹಡಗಿನ ಮೈಮೇಲೆ ಅದು ಗೀರು ಎಳೆಯುತ್ತದೆ. ಟಗ್‌ನಲ್ಲಿ ಉರುಳೆಯೊಳಗೆ ಹಾಯ್ದಿರುವ ಸರಪಳಿಯನ್ನು ಹೊರಗೆಳೆದು ನೋಡದೆ ನಂಬಬಾರದು. ಉಪ್ಪುನೀರು ನಿಲ್ಲುವುದು ಅಲ್ಲಿಯೇ. ರಬ್ಬರಿನ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಅದರ ಉದ್ದ ಆಳ ಅಳೆದು ಬರೆದಿಟ್ಟು ಮುಂದಿನ ಸಲ ಬೆಳೆದಿದೆಯೇ ಎಂದು ನೋಡಿದರೆ ಸಾಕು. ಬಳುಕುವ ಗೋಡೆಯ ನಡುವೆ, ಇಲ್ಲವೇ ಬುಡದ ಉಕ್ಕಿನ ತಟ್ಟೆಗೆ ರಬ್ಬರು ಅಂಟಿರುವ ಕಡೆ ಎದ್ದ ಬಿರುಕು ಮಾತ್ರ ಗಂಭೀರ. ಟಗ್‌ನ ಫೆಂಡರಿನಲ್ಲಿ ನಾಲಿಗೆಯಂತೆ ಜೋತುಬಿದ್ದ ತುಣುಕನ್ನು ಚೂಪಾದ ಚಾಕುವಿನಿಂದ ನುಣ್ಣಗೆ ಕತ್ತರಿಸಿಬಿಟ್ಟರೆ ಹರಿಯುವಿಕೆ ಮುಂದುವರಿಯುವುದು ಕಡಿಮೆಯಾಗುತ್ತದೆ.

ಬಿಡಿಭಾಗವಾಗಿ ತರಿಸಿಟ್ಟ ಫೆಂಡರು ನೆರಳಿನಲ್ಲಿರಲಿ, ಒಂದರ ಮೇಲೊಂದು ಹೇರಿ ಅಮುಕದಿರಲಿ. ಓಡುವ ವಿದ್ಯುತ್ ಮೋಟಾರು, ವೆಲ್ಡಿಂಗ್ ಇರುವ ಶೆಡ್ಡಿನಲ್ಲಿ ಇಡಬೇಡಿ, ಕಿಡಿಗಳು ಓಝೋನ್ ಹುಟ್ಟಿಸುತ್ತವೆ. ಮೀನುಗಾರಿಕೆ ಜೆಟ್ಟಿಗಳಿಗೆ ತಪಾಸಣೆಯ ಕಾಲ ತಾನಾಗಿಯೇ ಒದಗಿಬಂದಿದೆ: ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ಅವಧಿ.

ಬಿರುಸಾದ ಪೆಟ್ಟು ಬಿದ್ದ ದಿನದ ನಿಯಮ ಬೇರೆ. ಫೆಂಡರು ತನ್ನ ಮಿತಿ ದಾಟಿ ಕುಗ್ಗಿದ್ದರೂ ಒಂದೆರಡು ಗಂಟೆಯಲ್ಲಿ ಮೊದಲಿನ ಆಕಾರಕ್ಕೆ ಬಂದು ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಗೋಡೆಯ ಒಳಮೈ ಹರಿದಿದೆಯೇ, ಬುಡದ ಬೋಲ್ಟು ಎದ್ದಿದೆಯೇ ಎಂದು ಹತ್ತಿರ ಹೋಗಿ ನೋಡುವವರೆಗೆ ಆ ಜಾಗಕ್ಕೆ ಇನ್ನೊಂದು ಹಡಗನ್ನು ತರಬೇಡಿ.